ತುಮಕೂರಿನಿಂದ ಬೆಂಗಳೂರಿಗೆ ಹೋಗೋಕೆ ಮೊದಲು ಎಷ್ಟು ದುಡ್ಡು ಕೂಡಿಡಬೇಕು?

ಮುಂದಿನ ವರ್ಷ ಕೆಲಸಕ್ಕಾಗಿ ಬೆಂಗಳೂರಿಗೆ ಮನೆ ಬದಲಿಸಬೇಕು, ಎಷ್ಟು ಉಳಿಸಲಿ ಅಂತ ಕೇಳಿದ್ದೀರಿ. ಎಲ್ಲರೂ ಬಾಡಿಗೆಯ ಲೆಕ್ಕ ಹಾಕುತ್ತಾರೆ. ನಿಜವಾಗಿ ಕೈ ಕಚ್ಚುವುದು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿ ಅಲ್ಲಿ ಇನ್ನೂ ಇದೆ. ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ, ಸಂಕೋಚ ಬಿಟ್ಟು ಕೇಳಿ.

ಬಾಡಿಗೆ 12,000 ಅಂದುಕೊಳ್ಳಿ. ಆರು ತಿಂಗಳ ಅಡ್ವಾನ್ಸ್ 72,000, ಮೊದಲ ತಿಂಗಳದ್ದು 12,000, ಬ್ರೋಕರ್ ಇದ್ದರೆ ಇನ್ನೊಂದು 12,000. ಅಲ್ಲಿಗೇ 96,000 ಆಯ್ತು. ಸಾಮಾನಿನ ಗಾಡಿ, ಮೊದಲ ಸಂಬಳದವರೆಗಿನ ಊಟ, ಓಡಾಟ ಬೇರೆ. ಹಾಸಿಗೆ, ಕುಕ್ಕರ್, ಬಕೆಟ್, ಪೊರಕೆ ಎಲ್ಲ ಊರಿಂದಲೇ ಒಯ್ಯಿರಿ. ನಾನು ಬರಿಗೈಲಿ ಹೋಗಿ, ಮೊದಲ ವಾರವೇ ಇವಕ್ಕೆಲ್ಲ ಸುಮ್ನೆ ದುಡ್ಡು ಸುರಿದೆ.

ತಿಂಗಳಿಗೆ 8,000 ಎತ್ತಿಟ್ಟರೆ ವರ್ಷಕ್ಕೆ ಆ 96,000 ಕೂಡುತ್ತೆ. ಸಂಬಳ ಬಂದ ದಿನವೇ ಅದು ಬ್ಯಾಂಕಿನ 12 ತಿಂಗಳ ಆರ್‌ಡಿಗೆ (ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಠೇವಣಿ) ಹೋಗಲಿ. ಪೋಸ್ಟ್ ಆಫೀಸಿನ ಆರ್‌ಡಿ 5 ವರ್ಷದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ.

ಕರಾರು ಪತ್ರವನ್ನು ಪೂರ್ತಿ ಓದಿ ಸಹಿ ಹಾಕಿ. ನಾನು ಮನೆ ಬಿಡುವಾಗ ಮಾಲೀಕರು ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಯನ್ನೇ ಹಿಡಿದುಕೊಂಡರು. ಪತ್ರದಲ್ಲಿ ಅದು ಇತ್ತು, ನಾನು ನೋಡಿರಲಿಲ್ಲ.

ದುಡ್ಡು ಸಾಲದಿದ್ದರೆ ಮೊದಲ ಎರಡು ಮೂರು ತಿಂಗಳು ರೈಲಿನ ಪಾಸ್ ಮಾಡಿಸಿ ಓಡಾಡಿ. ದೂರ ಸುಮಾರು 70 ಕಿ.ಮೀ., ಸುಸ್ತಾಗುತ್ತೆ ನಿಜ. ಬಸ್ಸಿನಲ್ಲಿ ಹೋದರೆ ಮಾದಾವರದಲ್ಲಿ ಇಳಿದು ಮೆಟ್ರೋ ಹಿಡಿಯಬಹುದು. ಆ ದಿನಗಳಲ್ಲೇ ಮನೆ ಹುಡುಕಿ, ಆತುರದಲ್ಲಿ ಜಾಸ್ತಿ ಬಾಡಿಗೆಗೆ ಒಪ್ಪಬೇಕಾಗುವುದಿಲ್ಲ.