ಮೂರು ಸಲ ಬಿದ್ದ ತಂಡವನ್ನು ಯಾಕೆ ಹೊಗಳಿದೆವು? – ಸಂಪಾದಕರ ಉತ್ತರ

ನಮಸ್ಕಾರ ಸರ್. ಹಾಸನದಿಂದ ನೀವು ಬರೆದ ಎರಡು ಪುಟದ ಪತ್ರ ತಲುಪಿತು. ಇಂಗ್ಲೆಂಡಿನ ಲೀ ಲೆಪರ್ಡ್ಸ್ ರಗ್ಬಿ ಲೀಗ್ ತಂಡದ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. ‘ಮೇಲಿನ ದರ್ಜೆಗೆ ಹತ್ತಿ ಮೂರು ಸಲವೂ ಒಂದೇ ವರ್ಷಕ್ಕೆ ಕೆಳಗೆ ಬಿದ್ದವರು, ಸಾಲದ್ದಕ್ಕೆ ಹಳೇ ಹೆಸರನ್ನೂ ಬಿಟ್ಟವರು, ಇವರನ್ನು ಇಷ್ಟು ಹೊಗಳಬೇಕಾ?’ ಎಂದು ಕೇಳಿದ್ದೀರಿ. ಕಾಲೇಜಿನಲ್ಲಿ ರಗ್ಬಿ ಆಡುವ ನಿಮ್ಮ ಮಗನದ್ದೂ ಒಂದು ಪ್ರಶ್ನೆ ಇದೆ: ಇದು ತಾನು ಆಡುವ ಆಟವೇನಾ?

ಮೊದಲು ಹೆಸರಿನ ವಿಷಯ. ಲೀ ಕ್ಲಬ್ ಹುಟ್ಟಿದ್ದು 1878ರಲ್ಲಿ. ನೀವು ‘ಹಳೇ ಹೆಸರು’ ಅನ್ನುವ ಸೆಂಚೂರಿಯನ್ಸ್ ಸೇರಿದ್ದು 1995ರಲ್ಲಿ. 2022ರ ಕೊನೆಗೆ ಅದು ಲೆಪರ್ಡ್ಸ್ ಆಯಿತು. 1906ರಲ್ಲಿ ಮತ್ತು 1982ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆದಾಗ, 1921ರಲ್ಲಿ ಹ್ಯಾಲಿಫ್ಯಾಕ್ಸ್ ತಂಡವನ್ನು 13-0ರಿಂದ ಸೋಲಿಸಿ ಚಾಲೆಂಜ್ ಕಪ್ (ಸೋತವರು ಹೊರಬೀಳುವ ನಾಕೌಟ್ ಪಂದ್ಯಾವಳಿ) ಎತ್ತಿದಾಗ ಸೆಂಚೂರಿಯನ್ಸ್ ಅನ್ನುವ ಹೆಸರೇ ಇರಲಿಲ್ಲ. ಬರೀ ‘ಲೀ’ ಅಷ್ಟೇ. ಆ ಊರಿನ ಹೆಸರು ಇವತ್ತಿಗೂ ಮುಂದೆಯೇ ಇದೆ. ಚಿರತೆ ಚುಕ್ಕೆಯ ಜೆರ್ಸಿ ನನಗೂ ಮೊದಲು ಕಣ್ಣಿಗೆ ಹೊಡೆದಿತ್ತು, ಸುಳ್ಳು ಹೇಳಲಾರೆ. ಆದರೆ ಇತಿಹಾಸವನ್ನೇ ಅಳಿಸಿಬಿಟ್ಟರು ಅನ್ನುವ ಮಾತನ್ನು ನಾನು ಒಪ್ಪಲ್ಲ.

ಆ ಊರು ಎಂಥದ್ದು ಅಂತ ಸ್ವಲ್ಪ ಹೇಳಬೇಕು. ಮ್ಯಾಂಚೆಸ್ಟರ್ ಪಕ್ಕದ ಕಲ್ಲಿದ್ದಲು ಗಣಿಗಳ, ಹತ್ತಿ ಗಿರಣಿಗಳ ಊರು. ಗಣಿಗಳು ಮುಚ್ಚಿದವು, ಗಿರಣಿಗಳೂ ನಿಂತವು. ರೈಲು ನಿಲ್ದಾಣ 1969ರಲ್ಲಿ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ರಗ್ಬಿ ಲೀಗ್ ಆಟ ಹುಟ್ಟಿದ್ದೇ ಇಂಥ ಊರುಗಳ ಕೂಲಿಯ ಜಗಳದಿಂದ. ಶನಿವಾರ ಪಂದ್ಯ ಆಡಿದರೆ ಗಣಿಯ ಹುಡುಗನಿಗೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ಕ್ಲಬ್ ತುಂಬಿಕೊಡಲಿ ಎಂದು ಉತ್ತರದವರು ಕೇಳಿದರು, ರಗ್ಬಿ ಆಡಳಿತದವರು ಸುತರಾಂ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಕೂತು ಬೇರೆಯಾದ ಕ್ಲಬ್‌ಗಳಲ್ಲಿ ಲೀ ಕೂಡ ಒಂದು. ದಿನಕ್ಕೆ ಆರು ಶಿಲ್ಲಿಂಗ್ ಪರಿಹಾರ, ಅಷ್ಟಕ್ಕೇ ಮನೆ ಎರಡಾಯಿತು!

ಇನ್ನು ಬಿದ್ದ ಲೆಕ್ಕ. 2005, 2017, 2021. ಮೂರೂ ನಿಜ, ಅದನ್ನು ಮುಚ್ಚಿಡುವುದಿಲ್ಲ. 2017ರದ್ದು ನೋವಿನದು: ಉಳಿಯಬೇಕಾದರೆ ಗೆಲ್ಲಲೇಬೇಕಾದ ಕೊನೆಯ ಪಂದ್ಯವನ್ನು ತಮ್ಮದೇ ಮೈದಾನದಲ್ಲಿ ಫ್ರಾನ್ಸಿನ ಕ್ಯಾಟಲನ್ಸ್ ಎದುರು 26-10ರಿಂದ ಸೋತರು. ಆದರೆ 2021 ಏನಾಯಿತು ನೋಡಿ. ಕೋವಿಡ್ ವರ್ಷದಲ್ಲಿ ಕೆನಡಾದ ಟೊರಾಂಟೊ ತಂಡ ಅರ್ಧಕ್ಕೇ ಬಿಟ್ಟುಹೋಯಿತು, ಆ ಖಾಲಿ ಜಾಗ ಲೀ ತಂಡಕ್ಕೆ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ, ಅಷ್ಟೊತ್ತಿಗೆ ಒಳ್ಳೇ ಆಟಗಾರರೆಲ್ಲ ಬೇರೆ ಕಡೆ ಸಹಿ ಹಾಕಿಯಾಗಿತ್ತು. ಬಸ್ಸು ಹೊರಟ ಮೇಲೆ ಓಡಿ ಬಂದು ಹತ್ತಿದವರಿಗೆ ಸೀಟು ಎಲ್ಲಿಂದ ಸಿಗಬೇಕು ಹೇಳಿ? ಗೆದ್ದಿದ್ದು ಎರಡೇ ಪಂದ್ಯ.

ಮುಂದಿನ ಸಲ ಹಾಗೆ ಆಗಲಿಲ್ಲ. ಪಪುವಾ ನ್ಯೂಗಿನಿಯ ಮಾಜಿ ನಾಯಕ ಏಡ್ರಿಯನ್ ಲ್ಯಾಮ್ ಕೋಚ್ ಆಗಿ ಬಂದರು. ಕೆಳಗಿನ ದರ್ಜೆಯಲ್ಲಿ ಒಂದು ಪೂರ್ತಿ ವರ್ಷ ಒಟ್ಟಿಗೆ ಆಡಿ ತಂಡ ಕೂಡಿಕೊಂಡಿತು, 2022ರ ಫೈನಲಿನಲ್ಲಿ ಬ್ಯಾಟ್ಲಿಯನ್ನು 44-12ರಿಂದ ಬಡಿದು ಮೇಲೆ ಬಂತು. ಮಾಲೀಕರ ದುಡ್ಡು ಇತ್ತು, ಹೌದು. ದುಡ್ಡು 2017ರಲ್ಲೂ ಇತ್ತಲ್ಲ ಸರ್! ಈ ಸಲ ಹೆಚ್ಚಿಗೆ ಸಿಕ್ಕಿದ್ದು ಸಮಯ. ನಮ್ಮ ಲೇಖನ ಹೊಗಳಿದ್ದು ಅದನ್ನೇ.

ಮರುವರ್ಷವೇ, 2023ರ ಆಗಸ್ಟ್ 12ರಂದು, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಹಲ್ ಕೆ.ಆರ್. ತಂಡದ ವಿರುದ್ಧ ಚಾಲೆಂಜ್ ಕಪ್ ಫೈನಲ್. ಅದಕ್ಕೆ ಮುಂಚೆ ಲೀ ಈ ಫೈನಲ್ ಆಡಿದ್ದು 1971ರಲ್ಲಿ. ಆಗ ಅಲೆಕ್ಸ್ ಮರ್ಫಿ ಆಟಗಾರನೂ ಹೌದು, ಕೋಚೂ ಹೌದು, ಲೀಡ್ಸ್ ತಂಡವನ್ನು 24-7ರಿಂದ ಸೋಲಿಸಿದ್ದರು. ಐವತ್ತೆರಡು ವರ್ಷ ಕಾದವರ ಎದುರು ಕೊನೆಯ ನಿಮಿಷಗಳಲ್ಲಿ ಹಲ್ ಕೆ.ಆರ್. ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವುದು) ಹೊಡೆದು 16-16 ಮಾಡಿಬಿಟ್ಟಿತು. ಹೆಚ್ಚುವರಿ ಆಟ. ಯಾರು ಮೊದಲು ಒಂದು ಪಾಯಿಂಟ್ ತೆಗೆದರೂ ಅವರದ್ದೇ ಕಪ್. ಕೋಚ್ ಮಗ ಲಾಕ್ಲನ್ ಲ್ಯಾಮ್ ಕೈಗೆ ಚೆಂಡು ಬಂತು. ಕೈಯಿಂದ ಬಿಟ್ಟು, ಅದು ನೆಲ ಮುಟ್ಟಿ ಏಳುವ ಕ್ಷಣಕ್ಕೇ ಒದೆಯಬೇಕು, ಅದು ಡ್ರಾಪ್ ಗೋಲ್. ಒದ್ದ. ಚೆಂಡು ಕಂಬಗಳ ನಡುವೆ ದಾಟಿತು. 17-16. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ, ಆ ಒದೆತಕ್ಕೆ ಪ್ರತಿ ಸಲವೂ ಉಸಿರು ಹಿಡಿಯುತ್ತೇನೆ. ಆ ವರ್ಷ ಅವರು ಕೆಳಗೆ ಬೀಳಲಿಲ್ಲ, ಲೀಗಿನಲ್ಲಿ ಐದನೇ ಸ್ಥಾನಕ್ಕೆ ಬಂದರು.

ಕೊನೆಗೆ ಮಗನ ಪ್ರಶ್ನೆ. ನಮ್ಮಲ್ಲಿ ಕಾಲೇಜು ಹುಡುಗರು ಸಾಮಾನ್ಯವಾಗಿ ಆಡುವುದು ರಗ್ಬಿ ಯೂನಿಯನ್, 15 ಜನರದ್ದು ಇಲ್ಲವೇ ಏಳು ಜನರದ್ದು. ಲೀಗ್ ಬೇರೆ. 1906ರಿಂದ ಒಂದು ಕಡೆಗೆ 13 ಜನ. ಹಿಡಿದು ಕೆಡವಿದರೆ (ಅದೇ ಟ್ಯಾಕಲ್) ಚೆಂಡಿಗಾಗಿ ಗುಂಪು ಬೀಳುವ ಹಾಗಿಲ್ಲ. ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಆಟ ಮುಂದುವರಿಯುತ್ತದೆ. ಹೀಗೆ ಆರನೇ ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಐದಾದ ಮೇಲೆ ಜಾಸ್ತಿ ತಂಡಗಳು ಒದ್ದುಬಿಡುತ್ತವೆ. ಮಗನಿಗೆ ಹೇಳಿ, ಮೊದಲ ಪಂದ್ಯ ನೋಡುವಾಗ ಪಾಯಿಂಟ್ ಗೀಯಿಂಟ್ ಬಿಟ್ಟು ಸುಮ್ನೆ ಟ್ಯಾಕಲ್ ಎಣಿಸುತ್ತಾ ಕೂರಲಿ. ಹತ್ತು ನಿಮಿಷದಲ್ಲಿ ಆಟ ಕೈಗೆ ಬರುತ್ತದೆ. ನೋಡಿದ ಮೇಲೆ ಈ ಸಲ ಅವನೇ ಬರೆಯಲಿ.