ಜಪಾನಿನ ಫುಟ್ಬಾಲ್ ಆಟಗಾರ ಶುನ್ಸುಕೆ ನಕಮುರಾ ಯಾವ ವಿಶ್ವಕಪ್‌ನಲ್ಲೂ ಅಷ್ಟಾಗಿ ಮಿಂಚಲಿಲ್ಲ, ಆದರೂ ಅವರಿಗೆ ಇಷ್ಟೊಂದು ಅಭಿಮಾನಿಗಳು ಯಾಕೆ?

ಅವರ ಎಡಗಾಲಿಗಾಗಿ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆದರೆ ನೀವು ವಿಶ್ವಕಪ್ ಲೆಕ್ಕ ಹಿಡಿದು ಕೇಳಿದ್ದೀರಿ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ.

ನಾನು ಅವರಿಗೆ ಮರುಳಾಗಿದ್ದು 2006ರ ನವೆಂಬರ್ 21ರಂದು. ಗ್ಲಾಸ್ಗೋದಲ್ಲಿ, ಅವರು ಆಗ ಆಡುತ್ತಿದ್ದ ಸ್ಕಾಟ್ಲೆಂಡಿನ ಕ್ಲಬ್ ಸೆಲ್ಟಿಕ್ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ನಡುವೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಪಂದ್ಯ. ನಮ್ಮಲ್ಲಿ ಆಗ ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು. 80 ನಿಮಿಷ ಕಳೆದರೂ ಗೋಲಿಲ್ಲ, ನನಗೋ ತೂಕಡಿಕೆ. ಅಷ್ಟರಲ್ಲಿ ಸುಮಾರು 30 ಗಜ ದೂರದಲ್ಲಿ ಸೆಲ್ಟಿಕ್‌ಗೆ ಒಂದು ಫ್ರೀ ಕಿಕ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒದೆತ, ಸಿಕ್ಕಿತು. ಅಲ್ಲಿಂದ ನೇರ ಗೋಲಿಗೆ ಗುರಿಯಿಡೋದು ದುರಾಸೆಯೇ. ನಕಮುರಾ ಓಡಿಬಂದು ಚೆಂಡನ್ನು ಎಡಗಾಲಿನ ಒಳಬದಿಯಿಂದ ಸವರಿದ ಹಾಗೆ ಒದ್ದರು. ಅಡ್ಡಗೋಡೆಯ ಹಾಗೆ ನಿಂತಿದ್ದವರ ತಲೆ ದಾಟಿದ ಚೆಂಡು, ಒಳ್ಳೇ ಸ್ಪಿನ್ನರ್ ಎಸೆದ ಬಾಲ್ ಗಾಳಿಯಲ್ಲೇ ಜಾರುವಂತೆ ಬಾಗಿ, ಮೇಲಿನ ಮೂಲೆಗೆ ನುಗ್ಗಿತು. ಯುನೈಟೆಡ್‌ನ ಗೋಲ್‌ಕೀಪರ್ ವಾನ್ ಡರ್ ಸಾರ್ ಸಾಮಾನ್ಯ ಆಳಲ್ಲ, ಎತ್ತರ ಹೆಚ್ಚುಕಮ್ಮಿ ಆರೂವರೆ ಅಡಿ. ಅವರು ಹಾರಿದರೂ ಕೈಗೆ ಎಟುಕಲಿಲ್ಲ. ಪಂದ್ಯ 1-0. ಚಾಂಪಿಯನ್ಸ್ ಲೀಗ್‌ನಲ್ಲಿ ಸೆಲ್ಟಿಕ್ ಮೊದಲ ಬಾರಿಗೆ ಕೊನೆಯ 16ರ ಹಂತಕ್ಕೆ ಹೋಯಿತು. ಎರಡು ತಿಂಗಳ ಹಿಂದಷ್ಟೇ ಯುನೈಟೆಡ್‌ನ ತವರು ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲೂ ಅದೇ ಕೀಪರ್‌ಗೆ ಫ್ರೀ ಕಿಕ್‌ನಲ್ಲೇ ಗೋಲು ಹೊಡೆದಿದ್ದರು. ಗೊತ್ತಿದ್ದೂ ತಡೆಯಲಾಗಲಿಲ್ಲ ಅನ್ನೋದೇ ನನಗೆ ಖುಷಿ.

ಮರುವರ್ಷದ ಏಪ್ರಿಲ್‌ನಲ್ಲಿ ಕಿಲ್ಮಾರ್ನಾಕ್ ವಿರುದ್ಧ ಕೊನೇ ಗಳಿಗೆಯ ಫ್ರೀ ಕಿಕ್‌ನಿಂದ ಸೆಲ್ಟಿಕ್‌ಗೆ ಸ್ಕಾಟ್ಲೆಂಡಿನ ಲೀಗ್ ಪ್ರಶಸ್ತಿಯನ್ನೇ ಗೆಲ್ಲಿಸಿಕೊಟ್ಟರು. ಆ ವರ್ಷ ಸ್ಕಾಟ್ಲೆಂಡಿನ ಆಟಗಾರರೂ ಪತ್ರಕರ್ತರೂ ವರ್ಷದ ಆಟಗಾರ ಅಂತ ಆರಿಸಿದ್ದು ಇವರನ್ನೇ.

ಇನ್ನು ಜಪಾನಿಗರ ಪ್ರೀತಿಗೆ ಬೇರೆ ಕಾರಣವೂ ಇದೆ. ಯೊಕೊಹಾಮಾದ ಈ ಹುಡುಗ ಗಿಡ್ಡ ಅಂತ ಮಾರಿನೋಸ್ ಕ್ಲಬ್ಬಿನ ಯುವ ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ಹೈಸ್ಕೂಲ್ ತಂಡದಲ್ಲಿ ಆಡಿ, 1997ರಲ್ಲಿ ಅದೇ ಕ್ಲಬ್ಬಿಗೆ ವೃತ್ತಿಪರ ಆಟಗಾರನಾಗಿ ವಾಪಸ್ ಬಂದರು. 2000ದಲ್ಲಿ ಜಪಾನಿನ ಜೆ ಲೀಗ್‌ನ ಅತ್ಯುತ್ತಮ ಆಟಗಾರ. ಆದರೂ 2002ರಲ್ಲಿ ತವರಲ್ಲೇ ವಿಶ್ವಕಪ್ ನಡೆದಾಗ ಜಪಾನ್ ತಂಡದ ಕೋಚ್ ಟ್ರೂಸಿಯೆ ಕೈಬಿಟ್ಟರು. ಆಮೇಲೆ ಇಟಲಿಯ ರೆಜ್ಜಿನಾ, 2005ರಲ್ಲಿ ಸೆಲ್ಟಿಕ್.

ವಿಶ್ವಕಪ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. 2006ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಗೋಲು ಹೊಡೆದರೂ ಜಪಾನ್ 3-1ರಿಂದ ಸೋತಿತು. 2010ರ ಹೊತ್ತಿಗೆ ಆಡುವ ಹನ್ನೊಂದರಲ್ಲಿ ಜಾಗವೇ ಹೋಗಿತ್ತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಆದರೆ 2013ರಲ್ಲಿ, 35ರ ವಯಸ್ಸಲ್ಲಿ, ಮರಳಿ ಸೇರಿದ್ದ ಮಾರಿನೋಸ್ ಪರ 10 ಗೋಲು ಹೊಡೆದು ಮತ್ತೆ ಲೀಗ್‌ನ ಅತ್ಯುತ್ತಮ ಆಟಗಾರನಾದರು. ಆ ಗೌರವ ಎರಡು ಸಲ ಪಡೆದ ಮೊದಲಿಗ ಅವರೇ. ಆದರೆ ಕೊನೆಯ ದಿನ ಕವಾಸಾಕಿಯಲ್ಲಿ ತಂಡ ಸೋತು, ಲೀಗ್ ಪ್ರಶಸ್ತಿ ಹಿರೋಶಿಮಾ ತಂಡದ ಪಾಲಾಯಿತು. ಸೀಟಿ ಊದಿದ ಮೇಲೆ ನಕಮುರಾ ಮೈದಾನದಲ್ಲೇ ಕುಸಿದು ಅತ್ತರು. ಅದಾದ ಮೇಲೂ ಒಂಬತ್ತು ವರ್ಷ ಆಡಿ, 44ನೇ ವಯಸ್ಸಿನಲ್ಲಿ ಬೂಟು ಬಿಚ್ಚಿಟ್ಟರು.