ಇಂಗ್ಲೆಂಡಿನ ಸ್ಯಾಕ್ಸನ್ ಕಾಲದ ಚರ್ಚುಗಳ ಗೋಡೇಲಿ ರೋಮನ್ ಕಲ್ಲು ಯಾಕಿರುತ್ತೆ?
ಸಿಂಪಲ್ಲಾಗಿ ಹೇಳ್ಬೇಕಂದ್ರೆ ಹಿಂದೆ ಅಲ್ಲಿ ಆಳಿ ಹೋದ ರೋಮನ್ನರ ಪಾಳು ಕಟ್ಟಡಗಳಿಂದ ರೆಡಿಮೇಡ್ ಕಲ್ಲು ಹತ್ರದಲ್ಲೇ ಪುಕ್ಕಟೆ ಸಿಗ್ತಿತ್ತು, ಹೊಸದಾಗಿ ಕಡಿಯೋ ಕಸುಬು ಅವ್ರ ಕೈಲಿರ್ಲಿಲ್ಲ. ಆಂಗ್ಲೋ-ಸ್ಯಾಕ್ಸನ್ ಜನ (ರೋಮನ್ನರು ಹೋದ್ಮೇಲೆ ಇಂಗ್ಲೆಂಡಲ್ಲಿ ನೆಲೆಸಿದೋರು) ಮನೆಯಿಂದ ಅರಮನೆವರೆಗೂ ಮರದಲ್ಲೇ ಕಟ್ಟೋರು, ಅವ್ರ ಭಾಷೇಲಿ 'ಕಟ್ಟು' ಅನ್ನೋಕೆ ಇದ್ದ ಪದಾನೇ ಟಿಂಬ್ರಿಯನ್, ಅಂದ್ರೆ ಈಗಿನ ಟಿಂಬರ್ ಇದೆಯಲ್ಲ ಅದೇ ಬೇರು. ಕ್ರೈಸ್ತ ಧರ್ಮ ಬಂದ್ಮೇಲೆ ಚರ್ಚ್ ಅಂದ್ರೆ ರೋಮ್ ಥರ ಕಲ್ಲಿಂದೇ ಆಗ್ಬೇಕು ಅನ್ನೋ ಆಸೆ ಹುಟ್ತು. 674ರಲ್ಲಿ ವೇರ್‌ಮೌತ್ ಮಠ ಶುರು ಮಾಡಿದ ಬೆನೆಡಿಕ್ಟ್ ಬಿಸ್ಕಪ್ ಕಲ್ಲು ಕೆಲಸದೋರನ್ನ ಗಾಲ್‌ನಿಂದ (ಈಗಿನ ಫ್ರಾನ್ಸ್ ಕಡೆ) ಕರೆಸ್ದ, ಆಮೇಲೆ ಕಿಟಕಿ ಗಾಜು ಮಾಡೋರನ್ನೂ ಅಲ್ಲಿಂದ್ಲೇ!

ಡರಮ್ ಕೌಂಟಿಯ ಎಸ್ಕಂ ಚರ್ಚ್ ನೋಡಿ, 7ನೇ ಶತಮಾನದ್ದು, ಪುಟ್ಟದು, ಕಲ್ಲು ಪೂರಾ ಹತ್ರದ ಬಿಂಚೆಸ್ಟರ್ ರೋಮನ್ ಕೋಟೇದು ಅಂತಾರೆ. ಅದರಲ್ಲೊಂದು ಕಲ್ಲಿನ ಮೇಲೆ ರೋಮನ್ ಸೇನೆಯ 6ನೇ ಲೀಜನ್ (ಸೈನ್ಯದ ದೊಡ್ಡ ತುಕಡಿ) ಗುರುತಿದೆ, ಅದನ್ನ ತಲೆಕೆಳಗಾಗಿ ಕೂರಿಸ್ಬಿಟ್ಟಿದಾರೆ, ಓದೋಕೆ ಬರ್ತಿರ್ಲಿಲ್ವೋ ಕೇರ್ ಮಾಡ್ಲಿಲ್ವೋ.

ಮರದ ಅಭ್ಯಾಸ ಮಾತ್ರ ಪೂರ್ತಿ ಹೋಗ್ಲಿಲ್ಲ ಅನ್ಸುತ್ತೆ, ಅರ್ಲ್ಸ್ ಬಾರ್ಟನ್ ಅನ್ನೋ ಊರಿನ ಸ್ಯಾಕ್ಸನ್ ಚರ್ಚ್ ಗೋಪುರದ ಮೇಲಿನ ಕಲ್ಲುಪಟ್ಟಿಗಳು ಥೇಟ್ ಬಡಗಿ ಹೂಡಿದ ಚೌಕಟ್ಟಿನಂಗೇ ಕಾಣ್ತವೆ.